ಹಸಿರೋ ಕೆಂಪೋ ತಿಳಿಯದೆ ಇನ್ನು ಮುಚ್ಚಳ ತೆಗೆಯುವುದಿಲ್ಲ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಆಯುಧಪೂಜೆಯ ಮಾರನೇ ದಿನದಿಂದ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಸಸ್ಪೆನ್ಷನ್‌ಗೆ ಹೈಡ್ರಾಲಿಕ್ ಆಯಿಲ್ ಬೇಡುವ ಹಳೆಯ ಗಾಡಿ ಯಾವುದೇ ಇರಲಿ, "ಸ್ವಲ್ಪ ಟಾಪಪ್ ಮಾಡಿಕೊಡಿ" ಅಂದ ಮಾತ್ರಕ್ಕೆ ಇನ್ನು ಆಯಿಲ್ ಹಾಕುವುದಿಲ್ಲ. ಒಳಗೆ ಈಗ ಇರುವುದು ಯಾವ ಆಯಿಲ್, ಗಾಡಿಯ ರಬ್ಬರು ಯಾವ ಆಯಿಲ್‌ಗೆ ಮಾಡಿದ್ದು, ಇವೆರಡೂ ಖಾತ್ರಿಯಾದ ಮೇಲೆಯೇ ಕೆಲಸ. ಡಬ್ಬಿಯ ಸೀಲ್ ಒಡೆಯುವುದು ನಿಮ್ಮ ಕಣ್ಣೆದುರು. ನೀವೇ ತಂದ ಡಬ್ಬಿಯ ಸೀಲ್ ಒಡೆದಿದ್ದರೆ ಹಾಗೇ ವಾಪಸ್ ಕೊಡುತ್ತೇವೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಇಷ್ಟಕ್ಕೆಲ್ಲ ಕಾರಣ ನಮ್ಮದೇ ತಪ್ಪು. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾವೇ ಹೇಳಿಬಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಸಿಟ್ರೊಯೆನ್ ಡಿಎಸ್ ಅನ್ನುವ ಫ್ರಾನ್ಸಿನ ಹಳೆಯ ಕಾರೊಂದು ಸರ್ವಿಸಿಗೆ ಬಂದಿತ್ತು, ಹಸಿರು ಆಯಿಲ್‌ನ ಗಾಡಿ. ಅದಕ್ಕೆ ಹಾಕುವ ಎಲ್‌ಎಚ್‌ಎಂ ಅನ್ನುವ ಹಸಿರು ಆಯಿಲ್ ನಮ್ಮಲ್ಲಿ ದೊಡ್ಡ ಡಬ್ಬಿಯಲ್ಲಿರುತ್ತಿತ್ತು. ಕೈಗೆ ಸಿಗಲಿ ಅಂತ ಸ್ವಲ್ಪ ಸ್ವಲ್ಪವೇ ಒಂದು ಲೀಟರಿನ ನೀರಿನ ಬಾಟಲಿಗೆ ಬಗ್ಗಿಸಿಟ್ಟುಕೊಳ್ಳುತ್ತಿದ್ದೆವು. ಪಕ್ಕದ ಗೂಡಿನಲ್ಲಿ ಅಂಥದ್ದೇ ಬಾಟಲಿಯಲ್ಲಿ ರೇಡಿಯೇಟರಿನ ಕೂಲೆಂಟ್. ಅದೂ ಹಸಿರೇ. ಹೊಸ ಹುಡುಗ ಬೆಳಗ್ಗೆ ಬೇಗ ಬಂದು, ಹೇಳದೆಯೇ ಕೆಲಸ ಮುಗಿಸಿ ಶಹಭಾಸ್ ಅನ್ನಿಸಿಕೊಳ್ಳೋಣ ಅಂತ, ಲಾಳಿಕೆ ಇಟ್ಟು ಅರ್ಧ ಲೀಟರ್ ಸುರಿದು ಗಾಡಿ ಸ್ಟಾರ್ಟ್ ಮಾಡಿದ. ಸ್ಟಾರ್ಟ್ ಮಾಡಿದರೆ ಆಯಿಲ್ ಒತ್ತಡಕ್ಕೆ ಡಿಎಸ್ ಮೈ ಮೇಲೇಳುತ್ತದೆ, ಹಾಗೆ ಎದ್ದು ನಿಲ್ಲುವುದನ್ನು ನೋಡಲು ನಮಗೆ ಈಗಲೂ ಆಸೆ, ಅವನನ್ನು ಏನೆನ್ನುವುದು! ಮೇಸ್ತ್ರಿ ಆಗ ತಾನೇ ಟೀ ಕುಡಿದು ಒಳಗೆ ಬಂದವರು ಲಾಳಿಕೆ ಎತ್ತಿಡಲು ಹೋದರು. ಬೆರಳಿಗೆ ಅಂಟಿದ್ದನ್ನು ತಿಕ್ಕಿ ನೋಡಿದರೆ ಜಿಡ್ಡೇ ಇಲ್ಲ. ಮೂಸಿದರೆ ಸಿಹಿ ವಾಸನೆ. "ಆಫ್ ಮಾಡೋ!" ಅಂತ ಕೂಗುವಷ್ಟರಲ್ಲಿ ಎರಡು ನಿಮಿಷ ಆಗಿಹೋಗಿತ್ತು.

ಎರಡು ನಿಮಿಷ ಸಾಕಾಯಿತು. ಸ್ಟಾರ್ಟ್ ಮಾಡದೇ ಇದ್ದಿದ್ದರೆ ಆಯಿಲ್ ಟ್ಯಾಂಕು ಬಿಚ್ಚಿ, ಒರೆಸಿ, ಹೊಸ ಆಯಿಲ್ ತುಂಬಿದ್ದರೆ ಮುಗಿದುಹೋಗುತ್ತಿತ್ತು. ಪಂಪು ಒಮ್ಮೆ ಎಳೆದುಕೊಂಡ ಮೇಲೆ ಅದು ಎಲ್ಲೆಲ್ಲಿ ಹೋಗಿದೆ ಅಂತ ಹುಡುಕುವುದೇ ಒಂದು ಕೆಲಸ. ಪಂಪ್, ಪ್ರೆಷರ್ ರೆಗ್ಯುಲೇಟರ್, ಗಾಡಿಯ ಎತ್ತರ ಕಾಯುವ ಹೈಟ್ ಕರೆಕ್ಟರ್, ಬ್ರೇಕಿನ ವಾಲ್ವ್ ಎಲ್ಲ ಬಿಚ್ಚಿದೆವು. ಈ ವಾಲ್ವ್‌ಗಳ ಒಳಗೆ ಸರಿದಾಡುವ ಉಕ್ಕಿನ ತುಂಡಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ತಲೆಕೂದಲಿನ ದಪ್ಪಕ್ಕೆ ಹೋಲಿಸಿದರೆ ಏನೂ ಅಲ್ಲ. ಅಲ್ಲಿ ಒಂದು ಹನಿ ನೀರು ನಿಂತು ತುಕ್ಕು ಹಿಡಿದರೆ ಭಾಗವೇ ಹೋಯಿತು. ಮೂರು ತಿಂಗಳು ಗಾಡಿ ಸ್ಟ್ಯಾಂಡಿನ ಮೇಲಿತ್ತು. ಖರ್ಚು ಪೂರ್ತಿ ನಮ್ಮದು. ಮಾಲೀಕರು ದೊಡ್ಡ ಮನಸ್ಸಿನವರು, ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಹುಡುಗನೂ ಇಲ್ಲೇ ಇದ್ದಾನೆ. ತಪ್ಪು ಬಾಟಲಿಯದು, ಬಾಟಲಿ ಇಟ್ಟವರು ನಾವು.

ಹಾಗಾಗಿ ಮೊದಲು ಹೋಗಿದ್ದು ಆ ನೀರಿನ ಬಾಟಲಿಗಳು. ಈಗ ಬಿಡಿ ಆಯಿಲ್ ಅನ್ನುವುದೇ ಶೆಡ್ಡಿನಲ್ಲಿಲ್ಲ. ಲಾಳಿಕೆಗಳೂ ಬೇರೆ ಬೇರೆ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ಬೇರೆ ಬೇರೆ ಗೋಡೆಗೆ ನೇತುಹಾಕಿದ್ದೇವೆ.

ಇನ್ನು "ಎಲ್ಲ ಹೈಡ್ರಾಲಿಕ್ ಆಯಿಲ್ಲೇ ಅಲ್ಲವಾ, ಯಾವುದಾದರೇನು?" ಅನ್ನುವ ಪ್ರಶ್ನೆ. ವಾರಕ್ಕೊಬ್ಬರಾದರೂ ಕೇಳುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಸಿಟ್ರೊಯೆನ್‌ನ ಈ ಗಾಡಿಗಳಲ್ಲಿ ಮಾಮೂಲಿ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೂ ಒಂದು ಲೋಹದ ಗುಂಡು, ಒಳಗೆ ನಡುವೆ ರಬ್ಬರಿನ ಪರದೆ, ಅದರ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಆಯಿಲ್. ಹಳ್ಳಕ್ಕೆ ಬಿದ್ದಾಗ ಆಯಿಲ್ ಹೋಗಿ ಗ್ಯಾಸನ್ನು ಒತ್ತುತ್ತದೆ, ಗ್ಯಾಸೇ ಸ್ಪ್ರಿಂಗ್. ಪಾಲ್ ಮಾಜೆಸ್ ಅನ್ನುವ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1954ರಲ್ಲಿ ಸಿಟ್ರೊಯೆನ್ನಿನದೇ ಟ್ರಾಕ್ಸಿಯೋಂ ಗಾಡಿಯ ಹಿಂಬದಿಗೆ ಬಂತು, 1955ರ ಅಕ್ಟೋಬರಿನ ಪ್ಯಾರಿಸ್ ಮೋಟಾರ್ ಷೋದಲ್ಲಿ ಡಿಎಸ್ ಜೊತೆ ನಾಲ್ಕೂ ಚಕ್ರಕ್ಕೆ ಬಂತು. ನೆನಪಿಡಬೇಕಾದದ್ದು ಏನೆಂದರೆ, ಡಿಎಸ್‌ನಲ್ಲಿ ಬ್ರೇಕು ಒತ್ತುವುದೂ ಅದೇ ಆಯಿಲ್, ಪವರ್ ಸ್ಟೀರಿಂಗ್ ತಿರುಗಿಸುವುದೂ ಅದೇ. ಆಯಿಲ್ ತಪ್ಪಾದರೆ ಗಾಡಿ ಕೂತುಬಿಡುತ್ತದೆ ಅಷ್ಟೇ ಅಂತ ಅಂದುಕೊಳ್ಳಬೇಡಿ. ಬ್ರೇಕೂ ಕೈಕೊಡುತ್ತದೆ.

ಮೊದಮೊದಲು ಈ ಗಾಡಿಗಳಿಗೆ ಬರುತ್ತಿದ್ದದ್ದು ಕೆಂಪು ಆಯಿಲ್. ಕೊನೆಗೆ ಬಂದ ಕೆಂಪಿನ ಹೆಸರು ಎಲ್‌ಎಚ್‌ಎಸ್. ಅದು ಜಾತಿಯಲ್ಲಿ ಬ್ರೇಕ್ ಆಯಿಲ್‌ನ ನೆಂಟ, ಗಾಳಿಯಲ್ಲಿನ ತೇವ ಹೀರುತ್ತದೆ. ಒಂದು ಮಳೆಗಾಲ ಮುಚ್ಚಳ ಸಡಿಲವಾಗಿದ್ದರೆ ಒಳಗೆ ತುಕ್ಕು ಶುರು. 1966ರ ಸೆಪ್ಟೆಂಬರಿನಿಂದ, ಅಂದರೆ 1967ರ ಮಾಡೆಲ್ಲಿನಿಂದ, ಸಿಟ್ರೊಯೆನ್ ಹಸಿರು ಎಲ್‌ಎಚ್‌ಎಂಗೆ ಬದಲಾಯಿಸಿತು. ಇದು ಪೆಟ್ರೋಲಿಯಂನಿಂದ ಬಂದ ಮಿನರಲ್ ಆಯಿಲ್, ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ ಮಾತ್ರ ಅಲ್ಲಿನ ಕಾನೂನಿನ ದೆಸೆಯಿಂದ ಕೆಂಪೇ ಇನ್ನೆರಡು ವರ್ಷ ಮುಂದುವರಿಯಿತು.

ಆಯಿಲ್ ಬದಲಾದಾಗ ರಬ್ಬರೂ ಬದಲಾಯಿತು. ಗೊಂದಲವೆಲ್ಲ ಇಲ್ಲೇ. ಕೆಂಪಿನ ಗಾಡಿಯ ರಬ್ಬರ್ ಸೀಲುಗಳಿಗೆ ಮಿನರಲ್ ಆಯಿಲ್ ತಗುಲಿದರೆ ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಊದಿಕೊಳ್ಳುತ್ತವೆ. ಹಸಿರಿನ ಗಾಡಿಗೆ ಬ್ರೇಕ್ ಆಯಿಲ್ ಹಾಕಿದರೆ ಅದರ ಸೀಲುಗಳು ಮೆತ್ತಗಾಗಿ ಕೈಬಿಡುತ್ತವೆ. ಎರಡೂ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಅದೇ ಮೋಸ. ಗಾಡಿ ಚೆನ್ನಾಗಿಯೇ ಓಡುತ್ತದೆ, ಕೆಲವು ವಾರ ಕಳೆದ ಮೇಲೆ ಒಂದೊಂದಾಗಿ ಸೋರಲು ಶುರುವಾಗುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಆರ್‌ಸಿ ಪುಸ್ತಕದ ವರ್ಷ ನೋಡಿ ತೀರ್ಮಾನಿಸಬೇಡಿ. ಹೊರದೇಶದಿಂದ ಬಂದ ಗಾಡಿ ಇಲ್ಲಿ ರಿಜಿಸ್ಟರ್ ಆದ ವರ್ಷ ಬೇರೆ, ಕಾರ್ಖಾನೆಯಿಂದ ಹೊರಬಂದ ವರ್ಷ ಬೇರೆ ಇರಬಹುದು. ಬಾನೆಟ್ ಎತ್ತಿ ನೋಡಿ, ಹಸಿರು ಆಯಿಲ್‌ನ ಗಾಡಿಯಲ್ಲಿ ಹೈಡ್ರಾಲಿಕ್ ಭಾಗಗಳಿಗೆ ಹಸಿರು ಬಣ್ಣ ಬಳಿದಿರುತ್ತಾರೆ, ಕೆಂಪಿನದರಲ್ಲಿ ಕಪ್ಪು. ಆದರೆ ಐವತ್ತು ಅರವತ್ತು ವರ್ಷದಲ್ಲಿ ಯಾರು ಯಾವ ಗಾಡಿಯ ಗುಂಡು ಯಾವುದಕ್ಕೆ ಹಾಕಿದ್ದಾರೋ! ಆದ್ದರಿಂದ ನಾವು ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇವೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಟ್ಯಾಂಕಿನಿಂದ ನಾಲ್ಕು ಹನಿ ಬಿಡುತ್ತೇವೆ. ಸಾರಿನ ಮೇಲಿನ ಒಗ್ಗರಣೆಯ ಹಾಗೆ ತೇಲಿದರೆ ಮಿನರಲ್, ನೀರಲ್ಲಿ ಕರಗಿಹೋದರೆ ಬ್ರೇಕ್ ಆಯಿಲ್ ಜಾತಿಯದು. ಮನೆಯಲ್ಲಿ ನೀವೂ ಮಾಡಬಹುದು, ಆ ಲೋಟ ಮತ್ತೆ ಅಡುಗೆಮನೆಗೆ ಹೋಗದಿರಲಿ. ಸಿಲಿಕೋನಿನ ಡಾಟ್ 5 ಅನ್ನುವ ಬ್ರೇಕ್ ಆಯಿಲ್ ಹಾಕಿದ್ದರೆ ಅದೂ ನೀರಿಗೆ ಬೆರೆಯುವುದಿಲ್ಲ. ಹಾಗಾಗಿ ಲೋಟದ ಪರೀಕ್ಷೆ ಒಂದನ್ನೇ ನಂಬುವಂತಿಲ್ಲ.

ನಮ್ಮಲ್ಲಿಗೆ ಬರುವ ರೋಲ್ಸ್ ರಾಯ್ಸ್‌ನವರು ಇದನ್ನು ಎರಡು ಸಲ ಓದಬೇಕು. 1965ರಿಂದ 1980ರವರೆಗೆ ಬಂದ ಸಿಲ್ವರ್ ಶ್ಯಾಡೊ ಸಿಟ್ರೊಯೆನ್‌ನಿಂದ ಲೈಸೆನ್ಸ್ ಪಡೆದು ಹೈಡ್ರಾಲಿಕ್ ಹಾಕಿಕೊಂಡ ಗಾಡಿ. ಸಿಟ್ರೊಯೆನ್ ತಂತ್ರ ಅಂದಮೇಲೆ ಹಸಿರು ಆಯಿಲ್ಲೇ ಇರಬೇಕು ಅಂತ ಯಾರೋ ಹೇಳಿಬಿಡುತ್ತಾರೆ. ಅಲ್ಲ. ಶ್ಯಾಡೊಗೆ ಬೇಕಾದದ್ದು ಆರ್‌ಆರ್363 ಅನ್ನುವ ಬ್ರೇಕ್ ಆಯಿಲ್ ಜಾತಿಯದು, ಪಂಪು ಸವೆಯದಿರಲಿ ಅಂತ ಜಿಡ್ಡು ಸೇರಿಸಿದ್ದು. ಅಂಗಡಿಯ ಮಾಮೂಲಿ ಡಾಟ್ 3ರಲ್ಲಿ ಆ ಜಿಡ್ಡು ಇರುವುದಿಲ್ಲ. 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್‌ಗೆ ಮಾತ್ರ ಮಿನರಲ್ ಆಯಿಲ್. ಮನೆತನ ಒಂದೇ, ಕುಡಿಯುವುದು ತದ್ವಿರುದ್ಧ.

ಇನ್ನು ಕೆಲವರು ಎಲ್‌ಎಚ್‌ಎಂ ಸಿಗಲು ತಡವಾಗುತ್ತದೆ ಅಂತ ಜೆಸಿಬಿಗೆ ಹಾಕುವ 68 ನಂಬರಿನ ಆಯಿಲ್ ತರುತ್ತಾರೆ. ಮಿನರಲ್ಲೇ, ರಬ್ಬರಿಗೆ ಹಾನಿ ಇಲ್ಲ, ನಿಜ. ಆದರೆ ಎಲ್‌ಎಚ್‌ಎಂಗಿಂತ ಅದು ಮೂರು ಪಟ್ಟಿಗೂ ಹೆಚ್ಚು ಮಂದ. ಗಾಡಿ ಏಳುವುದು ನಿಧಾನ, ಸಸ್ಪೆನ್ಷನ್ ಬಿಗಿ. ಮೆತ್ತಗಿನ ಸವಾರಿಗೇ ಈ ಗಾಡಿ ಇಟ್ಟುಕೊಂಡು, ಅದನ್ನೇ ಕಳೆದುಕೊಳ್ಳುವುದು ಯಾವ ಲಾಭಕ್ಕೆ? 2001ರ ನಂತರದ ಸಿಟ್ರೊಯೆನ್ ಸಿ5ಗೆ ಹಾಕುವ ಕಿತ್ತಳೆ ಬಣ್ಣದ ಎಲ್‌ಡಿಎಸ್ ಕೂಡ ಹಳೆಯ ಗಾಡಿಗೆ ಬೇಡ.

ಮಾರಿಸ್ ಮೈನರ್, ಬೇಬಿ ಹಿಂದೂಸ್ತಾನ್ ಇಟ್ಟುಕೊಂಡವರೇ ನಮ್ಮಲ್ಲಿ ಜಾಸ್ತಿ. ನಿಮ್ಮದರಲ್ಲಿ ಇರುವುದು ಲಿವರ್ ಶಾಕ್ ಅಬ್ಸಾರ್ಬರ್. ಅದರ ತಲೆಯ ಮೇಲಿನ ಪ್ಲಗ್ ಬಿಚ್ಚಿ ಆಯಿಲ್ ಹಾಕಬೇಕು. ಮುಂದುಗಡೆ ಆ ಲಿವರೇ ಸಸ್ಪೆನ್ಷನ್‌ನ ಮೇಲಿನ ತೋಳು. 20 ಗ್ರೇಡಿನ ಶಾಕ್ ಆಯಿಲ್, ಸಿಗದಿದ್ದರೆ ಬೈಕಿನ ಫೋರ್ಕ್ ಆಯಿಲ್ ನಡೆಯುತ್ತದೆ. ಬ್ರೇಕ್ ಆಯಿಲ್ ಹಾಕಿದರೆ ಗಾಡಿ ತೊಟ್ಟಿಲು, 90 ನಂಬರ್ ಗೇರ್ ಆಯಿಲ್ ಹಾಕಿದರೆ ಎತ್ತಿನಗಾಡಿ. ಹೀಗೆ ಹಾಕಿದ್ದ ಎರಡನ್ನೂ ನಾವು ಬಿಚ್ಚಿ ತೆಗೆದಿದ್ದೇವೆ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಬ್ರಷ್ ಹಾಕಿ ಉಜ್ಜಿ, ಇಲ್ಲದಿದ್ದರೆ ಅದೆಲ್ಲ ಒಳಗೇ ಬೀಳುತ್ತದೆ.

ಅಂಬಾಸಡರ್, ಪದ್ಮಿನಿಯವರಲ್ಲಿ ಹೆಚ್ಚಿನವರಿಗೆ ಈ ತಲೆನೋವಿಲ್ಲ. ಕೊಳವೆ ಶಾಕ್ ಸೀಲ್ ಆಗಿಯೇ ಬರುತ್ತದೆ, ಹೋದರೆ ಬದಲಾಯಿಸುವುದಷ್ಟೇ.

ಹಣದ ಮಾತು. ಮೊದಲ ಸಲ ಗಾಡಿ ನೋಡಿ ಆಯಿಲ್ ಗುರುತಿಸಿ, ಟ್ಯಾಂಕಿನ ಕತ್ತಿಗೆ ಬಣ್ಣದ ಬಿಲ್ಲೆ ಕಟ್ಟುವುದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಹಸಿರು ಬಿಲ್ಲೆ ಎಲ್‌ಎಚ್‌ಎಂಗೆ, ಕೆಂಪು ಬಿಲ್ಲೆ ಬ್ರೇಕ್ ಆಯಿಲ್ ಜಾತಿಗೆ, ಹಳದಿ ಅಂದರೆ ಇನ್ನೂ ಗೊತ್ತಾಗಿಲ್ಲ, ಯಾರೂ ಮುಟ್ಟಬೇಡಿ ಅಂತ. ದಾರಿಯಲ್ಲಿ ಕೆಟ್ಟರೆ ಅಲ್ಲಿನ ಮೆಕ್ಯಾನಿಕ್‌ಗೂ ಅದನ್ನೇ ತೋರಿಸಿ. ಆಯಿಲ್‌ಗೆ ಡಬ್ಬಿಯ ಮೇಲಿನ ಬೆಲೆ, ಉಳಿದದ್ದು ಡಬ್ಬಿ ಸಮೇತ ನಿಮ್ಮ ಡಿಕ್ಕಿಗೆ. ಬಿಡಿಯಾಗಿ ಹಾಕಿಸಿಕೊಳ್ಳುತ್ತಿದ್ದಾಗಿನ ಬಿಲ್ಲಿಗಿಂತ ಇದು ಹೆಚ್ಚೇ ಆಗುತ್ತದೆ. ಲೇಬರ್ ಹಳೆಯದೇ. ಹಳದಿ ಬಿಲ್ಲೆಯ ಗಾಡಿಯನ್ನು ಮಾತ್ರ ಎರಡು ದಿನ ಬಿಟ್ಟುಹೋಗಬೇಕು, ಒಂದು ಸೀಲ್ ಬಿಚ್ಚಿ ನೋಡದೆ ನಾವು ಹೇಳುವುದಿಲ್ಲ.

ಹಬ್ಬದ ಪೂಜೆಗೆ ಗಾಡಿ ತೊಳೆಸಲು ಹೇಗೂ ತರುತ್ತೀರಿ, ಅವತ್ತೇ ಬಿಲ್ಲೆ ಕಟ್ಟಿಸಿಕೊಂಡು ಹೋಗಿ. ಬರುವಾಗ ಗಾಡಿಯ ಹಳೆ ಕೈಪಿಡಿ ಇದ್ದರೆ ತನ್ನಿ. ಡಿಕ್ಕಿಯ ಮೂಲೆಯಲ್ಲಿ ಹೆಸರಿಲ್ಲದ ಬಾಟಲಿ ಇದ್ದರೆ ಅದನ್ನೂ ತನ್ನಿ, ಇಲ್ಲೇ ಬಿಟ್ಟುಹೋಗಿ.

ನಿಮ್ಮ ವಿಶ್ವಾಸಿಗಳು,
ಶೆಡ್ಡಿನ ಎಲ್ಲರೂ