ಅಮೀನಗಡದ ಸುದ್ದಿ

ಚಿ. ಸೌ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ಇತ್ತ ನಾವೆಲ್ಲಾ ಆರಾಮ ಅದೀವಿ. ನಿಮ್ಮ ದೊಡ್ಡಪ್ಪನ ಮೊಣಕಾಲ ಬ್ಯಾನಿ ಹಂಗ ಐತಿ. ಡಾಕ್ಟರು ಮೆಟ್ಟಲಾ ಹತ್ತಬ್ಯಾಡ್ರಿ ಅಂದಾರ, ಇವರು ನಿನ್ನೆ ಮಾಳಿಗಿ ಹತ್ತಿ ನೀರಿನ ಟಾಕಿ ತೊಳದು ಬಂದಾರ. ಇರಲಿ.

ಫೋನ್ ಬಿಟ್ಟು ದೊಡ್ಡವ್ವ ಪತ್ರ ಯಾಕ ಬರದಾಳ ಅಂತ ನಗ್ತಿರಬೇಕು ನೀನು. ಫೋನಿನ್ಯಾಗ ಹೇಳಿದ್ರ ನೀ ನಡುವ ಬಾಯಿ ಹಾಕ್ತಿ. ಅದೂ ಅಲ್ಲದ ನಾ ಹೇಳೂದು ಆ ಫೋನಿಂದ ಐತಿ.

ಪಂಚಮಿಗೆ ಇಳಕಲ್ಲಿಗೆ ಬಂದಿದ್ರೆಲ್ಲಾ, ಆವತ್ತಿನ ಮಾತು. ನಿಮ್ಮವ್ವ ತಾಟಿನ್ಯಾಗ ಎರಡ ಉಂಡಿ ಇಟ್ಟು, ನಿನ್ನ ಗಂಡನ ಮಾರಿ ಸುದ್ದಾ ನೋಡದ ಒಳಗ ಹೋದ್ಲು. ಒಂದು ಶೇಂಗಾದ್ದು, ಒಂದು ಎಳ್ಳಿಂದು. ಪಂಚಮಿ ಹಬ್ಬದಾಗ ಅಳಿಯಗ ಎರಡ ಉಂಡಿ! ಒಳಗ ರವಾ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟಿನ ಉಂಡಿ ಡಬ್ಬಿ ತುಂಬ ಇದ್ವು, ಕಟ್ಟಿದಾಕಿ ನಾನ. ಅಂವ ಏನೂ ಅನ್ನಲಿಲ್ಲ. ಶೇಂಗಾದ್ದು ತಿಂದ, ಎಳ್ಳಿಂದು ಹಂಗ ಬಿಟ್ಟ, ಕೈ ತೊಳಕೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತ. ಆಮ್ಯಾಲ ನೀ ನನ್ನ ಹಿತ್ತಲಕ್ಕ ಕರಕೊಂಡು ಹೋಗಿ, "ದೊಡ್ಡವ್ವ, ಅವ್ವ ಯಾಕ ಹಿಂಗ ಮಾಡ್ತಾಳ? ಇವರು ಏನ್ ಮಾಡ್ಯಾರ?" ಅಂತ ಕಣ್ಣಾಗ ನೀರು ತಂದಿ.

ಏನ್ ಮಾಡ್ಯಾನ ಅಂತ ಹೇಳಿದಾಕಿ ನೀನ ಅಲ್ಲೇನ, ತಾಯಿ? ದಿನಾ ಸಂಜಿಕ ಪುಣೆದಿಂದ ಫೋನ್ ಹಚ್ಚಿ, ಇವತ್ತ ರೊಟ್ಟಿ ತಿನ್ನಲಿಲ್ಲ, ರವಿವಾರ ಹತ್ತರ ತನಕ ಮಲಗಿದ್ರು, ಅವರವ್ವಗ ರೊಕ್ಕ ಕಳಿಸಿದ್ದು ನನಗ ಹೇಳಲಿಲ್ಲ, ಅಂತ ಒಂದೊಂದ ಎಣಿಸಿದ್ದು ಯಾರು? ನೀ ಹೇಳಿ ಹಗುರಾದಿ. ಮರದಿನ ಅಂವ ಚಾ ಮಾಡಿ ಕೊಟ್ಟ, ನಿನ್ನ ಸಿಟ್ಟು ಹೋತು. ಆದ್ರ ಚಾ ಮಾಡಿ ಕೊಟ್ಟಿದ್ದು ನಿಮ್ಮವ್ವಗ ಯಾರು ಹೇಳ್ಯಾರ? ನಿನಗ ಜ್ವರ ಬಂದಾಗ ಎರಡು ದಿನ ರಜಾ ಹಾಕಿ ಗಂಜಿ ಕಾಸ್ಯಾನಂತ, ಅದು ನನಗ ಗೊತ್ತಾಗಿದ್ದು ಅಂವನ ಬಾಯಿಲೆ, ಅದೂ ನಾ ಕೆದಕಿ ಕೇಳಿದ ಮ್ಯಾಲ. ನಿಮ್ಮವ್ವನ ಕಿವಿಗೆ ಬಿದ್ದಿದ್ದು ಬರೇ ಅರ್ಧಾ ಸಂಸಾರ, ಅದೂ ಕೆಟ್ಟ ಅರ್ಧಾ.

ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂತಾರ. ಆ ಗಾದಿ ಕಟ್ಟಿದವರ ಕೈಯಾಗ ಫೋನ್ ಇರಲಿಲ್ಲ.

ನಿನ್ನ ಬೈಯಾಕ ಬರ್ಯಾಕತ್ತಿಲ್ಲ. ನಾ ಫೋನ್ ಇಲ್ಲದನ ಇದನ್ನ ಮಾಡಿದಾಕಿ.

ಬಾಗಲಕೋಟಿ ಜಿಲ್ಲಾ ಆಗಿದ್ದು 1997ರಾಗ, ಅದಾಗಿ ಎರಡು ಮೂರು ವರ್ಷದ ಮಾತು. ಲಾಲ್ ಬಹಾದ್ದೂರ ಶಾಸ್ತ್ರಿಗೋಳು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಾಗ. ಮೂವತ್ತು ವರ್ಷಾದ್ರೂ ನೀರು ಬರಲಿಲ್ಲಂತ, ಊರು ಮುಳಗತೈತಿ ಅನ್ನೂದನ್ನ ಹಳೆ ಬಾಗಲಕೋಟ್ಯಾಗ ಯಾರೂ ಖರೆ ನಂಬಿರಲಿಲ್ಲ. ಒಮ್ಮೆಲೆ ನಂಬೂ ಹೊತ್ತು ಬಂತು. ಗಜಾ ಫೂಟು ಬಿಟ್ಟು ಬ್ಯಾರೆ ಗೊತ್ತಿಲ್ಲದ ಮುದುಕ್ಯಾರು ಸುದ್ದಾ ಆಣೆಕಟ್ಟಿನ ನೀರು 519.60 ಮೀಟರ್ ತನಕ ಅಂತ ಮಾತಾಡಾಕ ಕಲ್ತ್ರು. ಓಣಿ ತುಂಬ ತೊಲಿ ಇಳಿಸೂ ಸಪ್ಪಳ. ಬಾಗಲಾ ಕಿತ್ತು ನವನಗರಕ್ಕ ಒಯ್ಯೋರು ಒಯ್ದ್ರು, ಮಾರೋರು ಮಾರಿದ್ರು. ನಿಮ್ಮ ದೊಡ್ಡಪ್ಪ ಗ್ವಾಡಿ ಕಲ್ಲು ಮಾರೂ ಗದ್ದಲದಾಗ ನನ್ನ ಬೀಸೂಕಲ್ಲನ್ನೂ ಅದೇ ಟ್ರ್ಯಾಕ್ಟರಿಗೆ ಹಾಕಿ ಕಳಿಸಿಬಿಟ್ರು. ನಮ್ಮವ್ವ ತವರಿಂದ ಕೊಟ್ಟು ಕಳಿಸಿದ ಕಲ್ಲದು. ಗಿರಣಿ ಬಂದು ಯಾವ ಕಾಲಾಗಿತ್ತು, ಅದರಾಗ ನಾ ಬೀಸಿ ನಾಕು ವರ್ಷಾಗಿತ್ತು, ಅದು ಬ್ಯಾರೆ ಮಾತು. ನಾ ಕೂಸಿನ್ನ ಎತ್ತಿಕೊಂಡು ಇಳಕಲ್ ಬಸ್ ಹತ್ತಿದ್ನಿ.

ನಮ್ಮಪ್ಪ, ನಿಮ್ಮಜ್ಜ, ಕುಣಿಮಗ್ಗದಾಗ ಕುಂತು ಕೊಂಡಿ ಹಾಕಾಕತ್ತಿದ್ದ. ನೀ ಸಣ್ಣಾಕಿದ್ದಾಗ ನೋಡಿದ್ದಿ, ನೆನಪೈತೋ ಇಲ್ಲೋ. ಸೀರಿ ಮೈ ಹಾಸು ಬ್ಯಾರೆ, ಸೆರಗಿನ ಕೆಂಪು ರೇಷ್ಮಿ ಹಾಸು ಬ್ಯಾರೆ. ಇದರ ಎಳಿಯಾಗ ಅದರ ಎಳಿ ಸಿಗಿಸಿ, ಒಂದೊಂದ ಕೊಂಡಿ ಕೈಲೆ ಕೂಡಿಸಬೇಕು. ಮುಂದ ತೋಪು ತೆನಿ ನಮೂನಿ ಸೆರಗು ಏಳೂದು ಅಲ್ಲಿಂದ. ಇದನ್ನ ಸಂಸಾರಕ್ಕ ಹೋಲಿಸಿ ಭಾಷಣ ಮಾಡೋರು ಭಾಳ ಮಂದಿ ಅದಾರ. ಅವರು ಯಾರೂ ಕೊಂಡಿ ಹಾಕಿದವರಲ್ಲ. ಹಾಕಿದ್ರ ಕಣ್ಣು ಉರೀತಾವು, ಕುತಿಗಿ ಹಿಡೀತೈತಿ, ಅಷ್ಟ.

ಅಪ್ಪ ಎಳಿ ಕೈಯಾಗ ಹಿಡಕೊಂಡ ನನ್ನ ಮಾತು ಕೇಳಿದ. ನಾ ಬರೇ ಕಲ್ಲಿನ ಸುದ್ದಿ ಹೇಳಿದ್ರ ಆಗ್ತಿತ್ತು. ಲಗ್ನದಾಗ ಆಡಿದ ಮಾತು, ಕೂಸು ಹುಟ್ಟಿದಾಗ ನೋಡಾಕ ಎರಡು ದಿನ ತಡಾ ಮಾಡಿ ಬಂದಿದ್ದು, ಅತ್ತಿ ಅಂದಿದ್ದು, ಎಲ್ಲಾ ಸುರುವಿದ್ನಿ. ಅಪ್ಪ ಒಂದೂ ಮಾತಾಡಲಿಲ್ಲ. ಆವತ್ತ ಮತ್ತ ಕೊಂಡಿ ಹಾಕಲಿಲ್ಲ, ಎದ್ದು ಹೊರಗ ಹೋದ.

ನಾಕನೇ ದಿನ ಇವರು ಕರಿಯಾಕ ಬಂದ್ರು. ಹೊಳ್ಳಿ ಬರೂ ಮುಂದ ಹುನಗುಂದ ದಾಟೂ ತನಕ ಇಬ್ಬರೂ ಮಾತಿಲ್ಲ. ಅಮೀನಗಡದಾಗ ಬಸ್ ನಿಂತಾಗ ಇಳದು ಹೋಗಿ ಅರ್ಧಾ ಕಿಲೋ ಕರದಂಟು ತಂದ್ರು. ಪೊಟ್ಟಣ ಬಿಚ್ಚಿ ನನ್ನ ಉಡ್ಯಾಗ ಇಟ್ಟು, "ಕಲ್ಲು ಹುಡಿಕ್ಯಾಡಿದೆ. ಆ ಟ್ರ್ಯಾಕ್ಟರಿನಂವ ಸಿಗಲಿಲ್ಲ" ಅಂದ್ರು. ಅಷ್ಟ. ಅಂಟು ಹಲ್ಲಿಗೆ ಹತ್ತಿ ಇಬ್ಬರಿಗೂ ಮಾತು ಹೊರಡವಲ್ದು, ಕೂಸು ನಗಾಕ ಹತ್ತಿತು, ನಾವೂ ನಕ್ವಿ. ಬಾಗಲಕೋಟಿ ಬರೂದ್ರಾಗ ಅರ್ಧಾ ಕಿಲೋ ಖಾಲಿ.

ಈ ಅಮೀನಗಡದ ಸುದ್ದಿ ನಾ ತವರಾಗ ಹೇಳಲೇ ಇಲ್ಲ. ಅದರಾಗ ಹೇಳೂದು ಏನೈತಿ ಅನಿಸಿತು. ಅಪ್ಪ ಹನ್ನೊಂದು ವರ್ಷ ಇವರ ಸಂಗಾಟ ಒಂದ ಪಂಕ್ತಿಗೆ ಕೂಡಲಿಲ್ಲ. ಹಬ್ಬಕ್ಕ ಹೋದ್ರ ಮಗ್ಗದ ನೆವ ಹೇಳಿ ಒಳಗ ಉಳೀತಿದ್ದ. ಇವರೂ ಹೋಗೂದು ಕಡಿಮಿ ಮಾಡಿದ್ರು. ಕಡೀಕ ಅಪ್ಪ ಹಾಸಗಿ ಹಿಡದಾಗ ಇವರು ರಾತ್ರಿ ಎಲ್ಲಾ ಕುಂತು ಕಾಲು ಒತ್ತಿದ್ರು. ಒಂದಿನ ಅಪ್ಪ ನನ್ನ ಹತ್ರ ಕರದು, "ಆ ಬೀಸೂಕಲ್ಲು ಮಾರಿದಂವ ಇಂವನ ಏನ?" ಅಂದ. ನನಗ ಅದರ ನೆನಪ ಹೋಗಿತ್ತು, ಮಗಳ. ಅಪ್ಪನ ಎದಿಯಾಗ ಆ ಕಲ್ಲು ಹಂಗ ಇತ್ತು. ಇಟ್ಟಾಕಿ ನಾನು.

ಅದಕ್ಕ ಹೇಳ್ತೀನಿ, ಸಿಟ್ಟು ಬಂದ ಸಂಜಿಕ ಅವ್ವಗ ಫೋನ್ ಹಚ್ಚಬ್ಯಾಡ. ಒಂದು ರಾತ್ರಿ ತಡಿ. ಮರದಿನಾನೂ ಉಳದಿದ್ರ ಹೇಳು. ಹೇಳಿದ್ರ, ಸುಮಾರಾದ ಮ್ಯಾಲ ಅದನ್ನೂ ಹೇಳು, ಅರ್ಧಕ್ಕ ಬಿಡಬ್ಯಾಡ. ಇಲ್ಲಾಂದ್ರ ಅಂವಗ ನೇರ ಹೇಳಿ ನೋಡು. ರೊಕ್ಕದ ಸುದ್ದಿ ಅಂತೂ ಅಂವನ ಮುಂದನ ಆಡಬೇಕಾದ್ದು, ಅದು ಸಣ್ಣದಲ್ಲ. ರವಿವಾರದ ನಿದ್ದಿ ಬಿಡು, ನಿಮ್ಮ ದೊಡ್ಡಪ್ಪ ಇನ್ನೂ ಮಲಗ್ಯಾರ.

ಆದ್ರ ನನ್ನ ಮಾತು ತಪ್ಪು ತಿಳ್ಕೋಬ್ಯಾಡ. ಅಂವ ಕೈ ಎತ್ತಿದ್ರ, ತವರಿಂದ ರೊಕ್ಕಾ ತಾ ಅಂದ್ರ, ನಿನ್ನ ಹೊರಗ ಬಿಡದ ಕುಂಡ್ರಿಸಿದ್ರ, ಅದು ಗಂಡ ಹೆಂಡಿರ ಜಗಳ ಅಲ್ಲ. ಅವಾಗ ಒಂದು ರಾತ್ರಿ ಅಲ್ಲ, ಒಂದು ತಾಸೂ ತಡೀಬ್ಯಾಡ. 112 ಒತ್ತು, ಆಮ್ಯಾಲ ನನಗ ಹಚ್ಚು. ಆ ಮೊಣಕಾಲಿನ್ಯಾಗನ ನಿಮ್ಮ ದೊಡ್ಡಪ್ಪ ಬೆಳಗಾಗೂದ್ರಾಗ ಪುಣೆ ಮುಟ್ತಾರ.

ಬನದ ಹುಣ್ಣಿಮಿಗೆ ಬಾದಾಮಿ ಜಾತ್ರಿಗೆ ಇಬ್ಬರೂ ಬರ್ರಿ. ನಮ್ಮ ಮನಿಗೆ ಇಳೀರಿ, ನಿಮ್ಮವ್ವನ್ನ ನಾ ಇಲ್ಲಿಗೇ ಕರಸ್ತೀನಿ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕುಟ್ಟಿ ಇಟ್ಟೀನಿ. ಅಂವಗ ಯಾವುದು ಸೇರತೈತಿ ಕೇಳಿ ಹೇಳು. ಎಳ್ಳುಂಡಿ ಸೇರೂದಿಲ್ಲ ಅನಸ್ತೈತಿ.

ಮತ್ತ ಈ ಪತ್ರ ಓದಿ, "ದೊಡ್ಡವ್ವ ಹಿಂಗ ಬರದಾಳ" ಅಂತ ಇವತ್ತ ಸಂಜಿಕ ನಿಮ್ಮವ್ವಗ ಫೋನ್ ಹಚ್ಚಬ್ಯಾಡ.

ಇತಿ,
ನಿನ್ನ ದೊಡ್ಡವ್ವ
ನವನಗರ, ಬಾಗಲಕೋಟಿ