ಪಾಲಾಗದ ಕುಟುಂಬದ ಮನೆ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಉಡುಪಿ, ಕಾಪು, ಮೂಲ್ಕಿ ಕಡೆಗಳಲ್ಲಿ ಪಾಲಾಗದ ಕುಟುಂಬದ ಜಾಗವನ್ನು ಒಬ್ಬಿಬ್ಬರು ವಾರಸುದಾರರಿಂದಷ್ಟೇ ಕ್ರಯಕ್ಕೆ ಪಡೆದು, ಮುಂಬೈಯಲ್ಲಿರುವ ಉಳಿದವರು ಊರಿಗೆ ಬಂದಾಗ ವ್ಯಾಜ್ಯಕ್ಕೆ ಸಿಲುಕುವವರನ್ನು ಕಂಡು ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಪಹಣಿಯಲ್ಲಿ ಹೆಸರಿರುವವರೊಬ್ಬರೇ ಮಾಲೀಕರೆಂದು ನಂಬುವುದು ಸರಿಯಲ್ಲ; ಅದು ಕಂದಾಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಸಹಮಾಲೀಕರು ತಮ್ಮ ಅವಿಭಜಿತ ಪಾಲನ್ನು ಮಾರಬಹುದು. ಆದರೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ, ಮನೆಯವರೊಂದಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ. ಆ ಹೊರಗಿನವರು ವಿಭಾಗದ ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯಡಿ ನ್ಯಾಯಾಲಯ ಗೊತ್ತುಪಡಿಸಿದ ಬೆಲೆಗೆ ಆ ಪಾಲನ್ನು ತಾವೇ ಕೊಳ್ಳುವುದಾಗಿ ಕುಟುಂಬದವರು ಕೇಳಬಹುದು. ದೈವದ ಚಾವಡಿ, ನಾಗಬನಗಳಿರುವ ತರವಾಡು (ಕುಟುಂಬದ ಮೂಲ) ಮನೆಗಳಿಗೆ ಈ ರಕ್ಷಣೆ ಎಷ್ಟು ಮುಖ್ಯವೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಿ ಯಜಮಾನರ ಸಹಿಯೊಂದಿದ್ದರೆ ಸಾಕೆಂಬ ಮಾತು ಈಗಲೂ ಕೇಳಿಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಉಯಿಲು ಬರೆಯದೆ ತೀರಿಕೊಂಡ ಸದಸ್ಯರ ಪಾಲು ಆ ಕಾಯ್ದೆಯಂತೆಯೇ ವಾರಸುದಾರರಿಗೆ ಸೇರುವುದರಿಂದ, ಇಡೀ ಆಸ್ತಿಯನ್ನು ಕೊಳ್ಳುವುದಾದರೆ ವಂಶವೃಕ್ಷದಲ್ಲಿರುವ ಹಕ್ಕುದಾರರೆಲ್ಲರನ್ನೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿತ, ಪತ್ರಕ್ಕೆ ಸೇರಿಸಿಕೊಳ್ಳಲೇಬೇಕು.

ಕ್ರಯದ ಕರಾರಿನಿಂದಲೇ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಆಗಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆಯಾದ 11ಇ ನಕ್ಷೆಯೂ ಬೇಕು. ಇವಿಷ್ಟನ್ನು ಸರಳ ಕನ್ನಡದಲ್ಲಿ ಬರೆದ ಫಲಕವನ್ನು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಎಲ್ಲ ಉಪನೋಂದಣಿ ಕಚೇರಿಗಳಲ್ಲಿ ಹಾಕಿಸುವಂತೆ ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓರ್ವ ಓದುಗ, ಉಡುಪಿ