ಆರ್ಮ್‌ಸ್ಟ್ರಾಂಗ್ ಕ್ರೀಕ್‌ನಲ್ಲಿ ಸೈಟು ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

491 ವೀಸಾ (ನುರಿತ ಕೆಲಸಗಾರರು ದೊಡ್ಡ ಮಹಾನಗರಗಳ ಹೊರಗಿನ ಊರುಗಳಲ್ಲಿ ನೆಲೆಸಿ ದುಡಿಯಲು ಕೊಡುವ ವೀಸಾ) ಪಡೆದು ಆಸ್ಟ್ರೇಲಿಯಾದ ಜಿಲಾಂಗ್‌ಗೆ ಹೊರಡುವ ಕುಟುಂಬಗಳ ಕಿವಿಗೆ ಬೇಗ ಬೀಳುವ ಹೆಸರು ಆರ್ಮ್‌ಸ್ಟ್ರಾಂಗ್ ಕ್ರೀಕ್. ನಗರದ ದಕ್ಷಿಣ ಅಂಚಿನ ಹೊಲಗಳಲ್ಲಿ, ಸುಮಾರು 2,500 ಹೆಕ್ಟೇರ್‌ನಲ್ಲಿ, 22,000 ಮನೆಗಳ ಲೆಕ್ಕ ಹಾಕಿ ಕಟ್ಟುತ್ತಿರುವ ಬಡಾವಣೆಯಿದು. ಉದ್ಯಾನ, ಶಾಲೆ, ಅಂಗಡಿ ಎಲ್ಲ ಚೆನ್ನಾಗಿವೆ. ಆದರೆ ಮುಂಗಡ ಕೊಡುವ ಮೊದಲು ತಿಳಿದಿರಲೇಬೇಕಾದ ಸಂಗತಿಗಳನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ.

491 ತಾತ್ಕಾಲಿಕ ವೀಸಾ. ಕಾಯಂ ವಾಸದ ಅರ್ಜಿಗೆ ಮೂರು ವರ್ಷ ಕಾಯಬೇಕು. ತಾತ್ಕಾಲಿಕ ವೀಸಾದವರು ಹಳೆಯ ಮನೆ ಕೊಳ್ಳದಂತೆ 2025ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ನಿಷೇಧ ತಂದಿತು. ಖಾಲಿ ಸೈಟಿಗೆ ಅನುಮತಿ ಸಿಗುತ್ತದೆ, ನಾಲ್ಕು ವರ್ಷದೊಳಗೆ ಮನೆ ಮುಗಿಸಬೇಕು. ಹೊಸ ಬಡಾವಣೆಗಳತ್ತ ನಮ್ಮವರು ತಿರುಗಲು ಇದೂ ಒಂದು ಕಾರಣ. ಇದರ ಮೇಲೆ ಜಿಲಾಂಗ್ ಇರುವ ವಿಕ್ಟೋರಿಯಾ ರಾಜ್ಯ ಮಾಮೂಲಿ ಮುದ್ರಾಂಕ ಶುಲ್ಕದ ಜೊತೆಗೆ, 491ರವರೂ ಸೇರಿದಂತೆ ವಿದೇಶಿ ಖರೀದಿದಾರರಿಂದ ಸೈಟಿನ ಬೆಲೆಯ ಶೇ 8ರಷ್ಟು ಹೆಚ್ಚುವರಿ ವಸೂಲು ಮಾಡುತ್ತದೆ. ಇದಕ್ಕೆ ಬ್ಯಾಂಕ್ ಸಾಲವನ್ನೇ ನೆಚ್ಚಬೇಡಿ, ಕೈಯಲ್ಲಿ ಹಣವಿರಲಿ.

ಸೈಟಿಗೆ ಟೈಟಲ್ (ಒಡೆತನದ ದಾಖಲೆ) ನೋಂದಣಿ ಆಗಿದೆಯೇ ಎಂದು ಕೇಳಿ. ಆಗದಿದ್ದರೆ ಬ್ಯಾಂಕ್ ಹಣ ಬಿಡುವುದಿಲ್ಲ, ಬಿಲ್ಡರ್ ಕೆಲಸ ಶುರುಮಾಡುವುದಿಲ್ಲ. ತಡವಾದಷ್ಟೂ ಬಾಡಿಗೆ ಕಟ್ಟುತ್ತಲೇ ಇರಬೇಕು, ಕಟ್ಟಡದ ದರವೂ ಏರಬಹುದು.

ಮಣ್ಣಿನದು ಇನ್ನೂ ದೊಡ್ಡ ವಿಷಯ. ಈ ಭಾಗದಲ್ಲಿ ಜೇಡಿ ಹೆಚ್ಚು. ನಮ್ಮ ಎರೆಭೂಮಿಯ ಹಾಗೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹೀಗೆ ನೆಲ ಎಷ್ಟು ಏರಿಳಿಯುತ್ತದೆ ಎಂಬುದರ ಮೇಲೆ ಅಲ್ಲಿ ಸೈಟುಗಳನ್ನು ವರ್ಗ ಮಾಡುತ್ತಾರೆ. ಮೇಲ್ಮೈ 20ರಿಂದ 40 ಮಿ.ಮೀ. ಏರಿಳಿಯುವಂತಿದ್ದರೆ ಅದು 'ಎಂ' ವರ್ಗ, 40ರಿಂದ 60 ಆದರೆ 'ಎಚ್1', 75 ದಾಟಿದರೆ 'ಇ'. ತಗ್ಗಿಗೆ ಮಣ್ಣು ತುಂಬಿ ಸರಿಯಾಗಿ ಅಡಕ ಮಾಡದ ಸೈಟು 'ಪಿ'. ವರ್ಗ ಏರಿದಂತೆ ತಳಪಾಯದ ಕಾಂಕ್ರೀಟು, ಕಬ್ಬಿಣ ಎರಡೂ ಹೆಚ್ಚುತ್ತವೆ. ಬಿಲ್ಡರ್ ಮೊದಲು ಹೇಳುವ ಬೆಲೆ ಯಾವ ವರ್ಗಕ್ಕೆಂದು ಬರಹದಲ್ಲಿ ಪಡೆಯಿರಿ. ಮಣ್ಣಿನ ಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ ಕಟ್ಟಡದ ಕರಾರಿಗೆ ಸಹಿ ಹಾಕಿ. ಮನೆಯಾದ ಮೇಲೂ ಗೋಡೆಯಿಂದ ಮೊದಲ ಒಂದು ಮೀಟರ್‌ನಲ್ಲಿ ನೆಲ 50 ಮಿ.ಮೀ. ಹೊರಕ್ಕೆ ಇಳಿಜಾರಿರಲಿ. ಗೋಡೆ ಬುಡದಲ್ಲಿ ಹೂಗಿಡಕ್ಕೆ ನೀರುಣಿಸುವುದು, ಸೋರುವ ಮಳೆಕೊಳವೆ ಹಾಗೇ ಬಿಡುವುದು, ಇವುಗಳಿಂದಲೇ ಒಂದು ಬದಿ ಉಬ್ಬಿ ಗೋಡೆ ಸೀಳುತ್ತದೆ.

'ಮೆಲ್ಬರ್ನ್‌ಗೆ ಒಂದೇ ಗಂಟೆ' ಎಂಬ ಮಾತು ಜಿಲಾಂಗ್ ನಿಲ್ದಾಣದಿಂದ ಹಿಡಿದ ಲೆಕ್ಕ. ಬಡಾವಣೆಯೊಳಗೆ ರೈಲು ನಿಲ್ದಾಣವಿಲ್ಲ. ಮಾರ್ಷಲ್, ವಾರ್ನ್ ಪಾಂಡ್ಸ್ ಎರಡೂ ಉತ್ತರದ ಕಡೆಗಿವೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಬಹುಪಾಲು ಎರಡು ಕಾರು ಬೇಕಾಗುತ್ತದೆ. ಸೈಟಿನ ಕಂತಿನ ಪಕ್ಕದಲ್ಲೇ ಈ ಖರ್ಚನ್ನೂ ಬರೆದುಕೊಳ್ಳಿ.

ಇತಿ,
ಜಿಲಾಂಗ್‌ನ ಕೆಲವು ಕನ್ನಡಿಗರು